ಹಾಸನದಲ್ಲಿ ಉಳಿದಿದ್ದ ರೀಲು

ನಮ್ಮ ಮನೆಯ ತೊಟ್ಟಿಲಿಗೆ ಮತ್ತೆ ಮಗು ಬಂತು. ಹೋದ ತಿಂಗಳು ಮೊಮ್ಮಗಳಿಗೆ ಹೆಣ್ಣುಮಗು ಹುಟ್ಟಿತು, ಇವತ್ತು ಬೆಳಿಗ್ಗೆ ಶಾಸ್ತ್ರ ಮಾಡಿ ತೊಟ್ಟಿಲಿಗೆ ಹಾಕಿದೆವು. ಅರವತ್ತೇಳಕ್ಕೆ ನಾನು ಮುತ್ತಜ್ಜಿ. ದಂಡಿಗನಹಳ್ಳಿಯಲ್ಲಿ ಒಂದು ಮನೆ ಬಿಡದೆ ಸಕ್ಕರೆ ಹಂಚಿ ಬಂದಿದ್ದೇನೆ. ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಓರಗಿತ್ತಿಯ ಬಾಯಿಗೂ ಒಂದು ಚಮಚ ಹಾಕಿದೆ, ಬೇಡ ಅನ್ನಲಿಲ್ಲ. ಇಷ್ಟು ಸಂತೋಷದ ದಿನ ನನಗೆ ಒಬ್ಬನ ಮೇಲೆ ಕೋಪ ಬಂದು ಕೂತಿದೆ. ಅವನು ಬದುಕಿಲ್ಲ. ಬದುಕಿದ್ದರೆ ಈಗಲೇ ಚನ್ನರಾಯಪಟ್ಟಣದ ಬಸ್ಸು ಹತ್ತಿ ಹೋಗಿ ಕೇಳಿಬರುತ್ತಿದ್ದೆ.

ಅವನ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಸಿನಿಮಾ ಮಿಷನ್ನಿನೊಳಗೆ ಉರಿಯುವ ಕಡ್ಡಿ ತಗುಲಿ ಸುಟ್ಟುಹೋಗಿತ್ತಂತೆ. ಉಗುರಿಲ್ಲದ ಆ ಬೆರಳಿನಿಂದಲೇ ಫಿಲ್ಮು ಸವರಿ, ಎಲ್ಲಿ ಹರಿದಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಟೆಂಟು ಸಿನಿಮಾದ ಆಪರೇಟರ್ ಅವನು. ನಾನು ಅವನನ್ನು ಅಣ್ಣ ಎಂದೇ ಕರೆದೆ, ಸಾಯುವವರೆಗೂ.

ನಾನು ಹುಟ್ಟಿದ್ದು ಹರದನಹಳ್ಳಿಯಲ್ಲಿ. ನಾನಿನ್ನೂ ತೊಟ್ಟಿಲಲ್ಲಿರುವಾಗಲೇ ನಮ್ಮವ್ವ ತೀರಿಕೊಂಡಳು. ಒಂದು ಫೋಟೋ ಸಹ ಇಲ್ಲ. ಸಾಕಿದವಳು ಸೋದರತ್ತೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿ ದನದ ಹಿಂದೆ ಕಳಿಸಿದಳು. ನನಗೆ ಹನ್ನೊಂದು ವರ್ಷವಿದ್ದಾಗ ಊರಾಚೆ ಬಯಲಿಗೆ ಟೆಂಟು ಬಂತು. ದೆವ್ವದ ಪಿಕ್ಚರ್ ಎಂದು ಗಾಡಿ ಕಟ್ಟಿ ಸಾರಿದರು. ಅತ್ತೆ ಒಬ್ಬಳೇ ಹೋಗಲು ಹೆದರಿ ನನ್ನನ್ನೂ ಕರೆದುಕೊಂಡು ಹೋದಳು.

ಪಿಕ್ಚರಿನಲ್ಲಿ ಒಂದು ದೊಡ್ಡ ಮನೆ. ಮಗು ಅಳುತ್ತಿದೆ, ಅದರ ತಾಯಿ ಸತ್ತು ಹೋಗಿದ್ದಾಳೆ. ಆಗ ತೊಟ್ಟಿಲು ತಾನಾಗಿ ತೂಗಲು ಶುರುವಾಗುತ್ತದೆ. ಯಾರೂ ಕಾಣುವುದಿಲ್ಲ, ಬಳೆಯ ಸದ್ದು ಮಾತ್ರ. ಮಗು ಅಳು ನಿಲ್ಲಿಸುತ್ತದೆ. ಸುತ್ತ ಕೂತಿದ್ದ ಹೆಂಗಸರೆಲ್ಲ ಕಣ್ಣಿಗೆ ಸೆರಗು ಅಡ್ಡ ಹಿಡಿದರು. ನಾನು ಮರಳಿನ ಮೇಲಿಂದ ಎದ್ದು ನಿಂತು, ಅವ್ವಾ ಎಂದು ಕೂಗಿಬಿಟ್ಟೆ. ಟೆಂಟಿಗೆ ಟೆಂಟೇ ನಕ್ಕಿತು.

ಒಂದೇ ಮಿಷನ್ನು ಇದ್ದುದರಿಂದ ರೀಲು ಬದಲಾಯಿಸುವಾಗ ದೀಪ ಹಾಕುತ್ತಿದ್ದರು. ಕೊನೆಯ ರೀಲಿಗೆ ಮುಂಚೆ ದೀಪ ಬಂದಾಗ ಆಪರೇಟರ್ ಮಿಷನ್ನಿನ ಗೂಡಿನಿಂದ ಆಚೆ ಬಂದು, ಕೂಗಿದ್ದು ಯಾರು ಎಂದು ಕೇಳಿದ. ತಾಯಿಲ್ಲದ ಕೂಸು ಸ್ವಾಮಿ, ಏನೂ ತಿಳಿಯಲ್ಲ ಎಂದಳು ಅತ್ತೆ. ಅವನು ನನ್ನನ್ನು ಒಂದು ಗಳಿಗೆ ನೋಡಿ ಒಳಗೆ ಹೋದ. ಆಮೇಲೆ ಪರದೆಯ ಮೇಲೆ ರೀಲು ಬರಲಿಲ್ಲ, ಶುಭಂ ಎಂದು ಬರೆದ ಗಾಜಿನ ಸ್ಲೈಡು ಬಂತು.

ಜನ ಎದ್ದು ನಿಂತರು. "ಏನ್ಲಾ, ಕತೆನೇ ಮುಗ್ದಿಲ್ಲ, ಶುಭ ಯಾರಿಗ್ಲಾ?" ಎಂದು ಒಬ್ಬ ಮರಳು ತೂರಿದ. ಆಪರೇಟರ್ ಕೈಮುಗಿದು ನಿಂತಿದ್ದ.

"ಕೊನೇ ರೀಲು ಆಸನದಲ್ಲೇ ಉಳ್ಕೊಂಡದೆ ಕಣಣ್ಣೋ. ಬತ್ತದೆ."

ನಾಲ್ಕು ದಿನ ಆ ಪಿಕ್ಚರ್ ಆಡಿತು, ನಾಲ್ಕು ದಿನವೂ ಹೋದೆ. ಎರಡನೇ ದಿನದಿಂದ ಅವನೇ ನನ್ನನ್ನು ಗೂಡಿನ ಪಕ್ಕ ಕೂರಿಸಿಕೊಂಡ. ರೀಲು ಮಾತ್ರ ಹಾಸನದಿಂದ ಬರಲೇ ಇಲ್ಲ. ಜನ ಕಮ್ಮಿಯಾದರು. ಕೊನೆಯ ದಿನ ಟೆಂಟಿನ ಯಜಮಾನ ಅವನ ಕಪಾಳಕ್ಕೆ ಹೊಡೆದದ್ದನ್ನು ನೋಡಿದೆ, ಯಾಕೆಂದು ಗೊತ್ತಾಗಲಿಲ್ಲ. ಅವನ ಕೆನ್ನೆ ಕೆಂಪಗಿರುವಾಗಲೇ ಕೇಳಿದೆ, ಆ ಅವ್ವ ಆಮೇಲೆ ಏನಾಗುತ್ತಾಳೆ ಎಂದು. ಅವನು ನನ್ನ ಮುಖ ನೋಡದೆ ಫಿಲ್ಮು ಸುತ್ತುತ್ತಾ ಹೇಳಿದ.

"ಏನೂ ಆಗಲ್ಲ ಕಣವ್ವ. ತೂಗ್ತಾನೇ ಇರ್ತಾಳೆ. ಕೂಸು ದೊಡ್ಡದಾಗೋ ಗಂಟ."

ಅವತ್ತಿಂದ ನನಗೆ ದೆವ್ವದ ಪಿಕ್ಚರ್ ಹುಚ್ಚು ಹಿಡಿಯಿತು. ಬೇರೆ ಪಿಕ್ಚರಿನಲ್ಲಿ ಸತ್ತವರ ಫೋಟೋಗೆ ಹಾರ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ದೆವ್ವದ ಪಿಕ್ಚರಿನಲ್ಲಿ ಮಾತ್ರ ಸತ್ತವರು ಬರುತ್ತಾರೆ.

ಮದುವೆಯಾಗಿ ದಂಡಿಗನಹಳ್ಳಿಗೆ ಬಂದ ಮೇಲೆ ಒಂದು ದಿನ ಚನ್ನರಾಯಪಟ್ಟಣದ ಥಿಯೇಟರಿಗೆ ಹೋಗಿದ್ದೆವು. ಬಾಗಿಲಲ್ಲಿ ಉಗುರಿಲ್ಲದ ಹೆಬ್ಬೆರಳೊಂದು ಟಿಕೆಟ್ ಹರಿಯುತ್ತಿತ್ತು. ಟೆಂಟು ಮುಚ್ಚಿದ ಮೇಲೆ ಗೇಟ್ ಕಾಯುವ ಕೆಲಸಕ್ಕೆ ಸೇರಿದ್ದ. ನನ್ನನ್ನು ನೋಡಿದವನೇ ಗುರುತು ಹಿಡಿದ. ಅಲ್ಲಿಂದಾಚೆಗೆ ದೆವ್ವದ ಪಿಕ್ಚರ್ ಬಂದಾಗಲೆಲ್ಲ ನಮ್ಮೂರ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸುತ್ತಿದ್ದ. ಕಂಡಕ್ಟರ್ ಫುಟ್‌ಬೋರ್ಡಿನಿಂದಲೇ ಕೂಗುತ್ತಿದ್ದ: "ಅಕ್ಕೋ, ನಿಮ್ಮವ್ವ ಬಂದವ್ಳಂತೆ!" ಇದೇನು, ತಾಯಿ ಇಲ್ಲದ ಹೆಣ್ಣು ಅಂತ ತಂದೆವಲ್ಲ, ವರ್ಷಕ್ಕೆ ನಾಲ್ಕು ಸಲ ಬರುವ ಅವ್ವ ಯಾರು ಎಂದು ನಮ್ಮತ್ತೆ ಬಹಳ ದಿನ ತಲೆ ಕೆಡಿಸಿಕೊಂಡಿದ್ದರು. ನನ್ನನ್ನು ನೋಡಿದರೆ ದೆವ್ವವೇ ಎದ್ದು ಓಡುತ್ತದೆ ಎನ್ನುವುದು ನಮ್ಮ ಯಜಮಾನರ ಮಾತು.

ಮಧ್ಯಾಹ್ನದ ಆಟ. ಪಿಕ್ಚರ್ ಇನ್ನೇನು ಮುಗಿಯಬೇಕು, ಅಣ್ಣ ಕತ್ತಲಲ್ಲಿ ಬಂದು ಭುಜ ತಟ್ಟುತ್ತಿದ್ದ. "ಏಳವ್ವ, ಬಸ್ಸು ಓಯ್ತದೆ." ನಾನು ಚಪ್ಪಲಿ ಹುಡುಕಿಕೊಂಡು ಓಡುತ್ತಿದ್ದೆ. ಕೆಲವು ದಿನ ಮಾತ್ರ, ಕೂತ್ಕೊ, ಇನ್ನೂ ಟೈಮದೆ ಎನ್ನುತ್ತಿದ್ದ. ಅದೇ ಬಸ್ಸು, ಅದೇ ಹೊತ್ತು. ನಾನು ಒಂದು ದಿನವೂ ಯೋಚನೆ ಮಾಡಲಿಲ್ಲ.

ಮಗಳು ಹುಟ್ಟಿದ ಮೇಲೆ ಅವಳನ್ನು ತೊಟ್ಟಿಲಲ್ಲಿ ಮಲಗಿಸಿ ಕೊಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಬಂದು ನೋಡಿದರೆ ಅಳದೆ ಮಲಗಿರುತ್ತಿದ್ದಳು. ನಮ್ಮವ್ವ ಬಂದು ತೂಗಿ ಹೋಗಿದ್ದಾಳೆ ಎಂದುಕೊಳ್ಳುತ್ತಿದ್ದೆ. ಇದನ್ನು ಹೇಳಿಕೊಂಡದ್ದು ಒಬ್ಬನ ಹತ್ತಿರ, ಆಪರೇಟರ್ ಅಣ್ಣನ ಹತ್ತಿರ. ಅವನು ನಗಲಿಲ್ಲ. "ಬರ್ದೆ ಇನ್ನೇನವ್ವ," ಎಂದ.

ಥಿಯೇಟರ್ ಮುಚ್ಚಿದ ಮೇಲೆ ಅವನು ಹಾಸಿಗೆ ಹಿಡಿದ. ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು, "ಒಂದು ರೀಲು ಬಾಕಿ ಅದೆ ಕಣವ್ವ," ಎಂದ. ಜ್ವರದ ಮಾತು ಎಂದಳು ಅವನ ಹೆಂಡತಿ. ನಾನೂ ಹಾಗೇ ಅಂದುಕೊಂಡು ಎರಡು ಚಮಚ ಗಂಜಿ ಕುಡಿಸಿ ಬಂದೆ. ಮೂರನೇ ದಿನ ಹೋಗಿಬಿಟ್ಟ.

ಹೋದ ತಿಂಗಳು ಹೆರಿಗೆಗೆಂದು ಮೊಮ್ಮಗಳನ್ನು ಹಾಸನದ ಆಸ್ಪತ್ರೆಗೆ ಸೇರಿಸಿದೆವು. ನೋವು ಶುರುವಾಗಿರಲಿಲ್ಲ. ಮಧ್ಯಾಹ್ನ ಹೊತ್ತು ಹೋಗದೆ, ಯಾವ ದೆವ್ವ ಬೇಕಜ್ಜಿ ಎಂದು ಮೊಬೈಲು ತೆಗೆದಳು. ತೊಟ್ಟಿಲಿನದು ಎಂದೆ. ಹುಡುಕಿ ಹಾಕಿಯೇ ಬಿಟ್ಟಳು. ಇಬ್ಬರೂ ಒಂದೇ ಮಂಚದ ಮೇಲೆ ಕೂತು ನೋಡಿದೆವು. ಶುಭಂ ಬರುತ್ತಿದ್ದ ಜಾಗ ಬಂತು. ಪಿಕ್ಚರ್ ನಿಲ್ಲಲಿಲ್ಲ.

ಆ ಮನೆಯ ಅಟ್ಟದ ಮೇಲೆ ಒಬ್ಬ ಗಡ್ಡದ ಆಳು ಕೂತಿದ್ದ. ಒಂದು ಕೈಯಲ್ಲಿ ತೊಟ್ಟಿಲಿಗೆ ಕಟ್ಟಿದ ಕರಿ ದಾರ, ಇನ್ನೊಂದು ಕೈಯಲ್ಲಿ ಒಂದು ಗೊಂಚಲು ಬಳೆ. ಮನೆಯವರನ್ನು ಹೆದರಿಸಿ ಓಡಿಸಲು ಮಗುವಿನ ಚಿಕ್ಕಪ್ಪನೇ ಅವನನ್ನು ಕೂರಿಸಿದ್ದ. ಪೊಲೀಸರು ಬಂದು ಹಿಡಿದರು. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ನೀರು ತರುತ್ತೇನೆಂದು ಹೇಳಿ ವರಾಂಡಕ್ಕೆ ಹೋಗಿ ನಿಂತೆ.

ಐವತ್ತಾರು ವರ್ಷ ನಾನು ಒಂದು ದಾರವನ್ನು ಅವ್ವ ಎಂದುಕೊಂಡಿದ್ದೆ.

ಅಲ್ಲಿ ನಿಂತಾಗಲೇ ಅಣ್ಣ ಹೇಳುತ್ತಿದ್ದ ಬಸ್ಸಿನ ಮಾತು ನೆನಪಾಯಿತು. ಒಳಗೆ ಬಂದು, ಅವನು ನನ್ನನ್ನು ಎಬ್ಬಿಸಿ ಕಳಿಸಿದ್ದ ಇನ್ನೆರಡು ಪಿಕ್ಚರ್ ಹಾಕಿಸಿದೆ. ಎರಡರ ಕೊನೆಯಲ್ಲೂ ದೆವ್ವ ಸುಳ್ಳು, ಮನುಷ್ಯನ ಕೈವಾಡ. ಕೂತ್ಕೊ ಎಂದಿದ್ದ ಒಂದನ್ನೂ ಹಾಕಿಸಿದೆ. ಅದರ ಕೊನೆ ನನಗೆ ಗೊತ್ತಿದ್ದದ್ದೇ, ಅಲ್ಲಿ ದೆವ್ವ ನಿಜ. ಅಂದರೆ ಅವನು ಎಬ್ಬಿಸಿದ ಯಾವ ದಿನವೂ ಬಸ್ಸು ಹೊರಡುವ ಹೊತ್ತಾಗಿರಲಿಲ್ಲ.

ಸುಳ್ಳು ಹೇಳುವವನಿಗೆ ರೀಲು ಬಿಡುತ್ತಾನೆ ಅನ್ನುತ್ತೇವೆ. ಇವನು ರೀಲು ಮುಚ್ಚಿಟ್ಟು ಸುಳ್ಳು ಹೇಳಿದ. ಊರು ನಕ್ಕರೆ ನಗಲಿ, ನಾನು ನಂಬಿದ್ದು ಇವನೊಬ್ಬನನ್ನು. ಅವತ್ತೇ ದಾರ ತೋರಿಸಿದ್ದರೆ ಹನ್ನೊಂದು ವರ್ಷಕ್ಕೆ ಒಂದು ಸಲ ಅತ್ತು ಮುಗಿಸಿಕೊಳ್ಳುತ್ತಿದ್ದೆ. ಅರವತ್ತೇಳಕ್ಕೆ, ಗುರುತು ಪರಿಚಯ ಇಲ್ಲದ ಜನರ ನಡುವೆ, ಲೋಟ ಹಿಡಿದುಕೊಂಡು ಅಳುವಂತೆ ಮಾಡಿದ. ನಮ್ಮವ್ವ ಎರಡನೇ ಸಲ ಸತ್ತಳು. ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ನಗುವುದನ್ನು ನಿಲ್ಲಿಸಿ, ಅವನು ಯಜಮಾನನ ಕೈಲಿ ಆ ಏಟು ತಿಂದದ್ದು ಯಾತಕ್ಕಜ್ಜಿ ಮತ್ತೆ ಎಂದಳು. ಕಪಾಳದ ಏಟು ನೆನೆದಾಗ ಕೋಪ ಅರ್ಧಕ್ಕೆ ಇಳಿಯುತ್ತದೆ. ಬಸ್ಸು ನೆನೆದರೆ ಮತ್ತೆ ಏರುತ್ತದೆ. ಮಾರನೇ ಬೆಳಿಗ್ಗೆ ಮಗು ಹುಟ್ಟಿತು.

ಇವತ್ತು ಸಾಯಂಕಾಲ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಊಟಕ್ಕೆ ಕೂತೆವು. ಅರಕಲಗೂಡಿನಿಂದ ಮೊಮ್ಮಗಳ ಅತ್ತೆಮನೆಯವರೂ ಬಂದಿದ್ದರು. ಒಬ್ಬಟ್ಟು, ಒಬ್ಬಟ್ಟಿನ ಸಾರು, ಕೋಸಂಬರಿ. ನಾನು ಕಂಬದ ಹಿಂದಿನ ಎಲೆಗೆ ಕೂತೆ. ನಮ್ಮ ಕಡೆ ಹೆಂಗಸರು ಕೆಲಸ ಮಾಡುವಾಗ ತೊಟ್ಟಿಲಿಗೆ ಹಗ್ಗ ಕಟ್ಟಿ ಕಾಲ್ಬೆರಳಿಗೆ ಸಿಕ್ಕಿಸಿಕೊಳ್ಳುವುದು ಮೊದಲಿಂದಲೂ ಉಂಟು. ನಾನೂ ಸಿಕ್ಕಿಸಿಕೊಂಡಿದ್ದೆ. ಮಗು ಕುಂಯ್ ಅಂದಿತು. ಬೆರಳು ಎಳೆದೆ.

ಬೀಗಿತ್ತಿಯ ಕೈಯಲ್ಲಿ ಒಬ್ಬಟ್ಟು ಹಾಗೇ ನಿಂತಿತು. "ಅಯ್ಯೋ ಇದೇನ್ರವ್ವ, ತೊಟ್ಲು ತಾನೇ ತೂಗ್ತಾ ಅದೆ."

ಎಲ್ಲರೂ ತಿರುಗಿದರು. ಮಗು ಸುಮ್ಮನಾಯಿತು. ನನ್ನ ಮಗಳು ತುತ್ತು ಬಿಟ್ಟು ತೊಟ್ಟಿಲನ್ನೇ ನೋಡುತ್ತಿದ್ದಳು, ಅವಳ ಕಣ್ಣು ಐದು ವರ್ಷದ ಮಗುವಿನ ಕಣ್ಣಾಗಿತ್ತು. ಹಗ್ಗ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂತು.

"ನಮ್ಮವ್ವ ಬಂದವ್ಳೆ," ಎಂದೆ. "ನೀವು ಉಣ್ಣಿ."

ಪಕ್ಕದಲ್ಲಿದ್ದ ಮೊಮ್ಮಗಳು ನನ್ನ ಕಾಲಿನ ಕಡೆ ನೋಡಿದಳು. ಚಾಪೆಯ ಅಂಚನ್ನು ಹಗ್ಗದ ಮೇಲೆ ಎಳೆದಳು. ಬಡಿಸುವವರು ತುಪ್ಪ ತಂದರು. ನಾನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡು, ಬೆರಳು ಎಳೆಯುತ್ತಾ ಎಲ್ಲರ ಜೊತೆ ಉಂಡೆ.