ಒಳಮಗ್ಗುಲಿನ ಬಕಲ್

ಮಾರೇನಹಳ್ಳಿಯ ಮರಿಯಪ್ಪ ಚಪ್ಪಲಿ ಹೊಲಿಯುವುದು ಬಿಟ್ಟು ಗೇಟರ್ ಹೊಲಿಯಲು ಕೂತಾಗ ಬೀದಿಯವರಿಗೆಲ್ಲ ತಮಾಷೆ. ಮೊಣಕಾಲ ಕೆಳಗಿಂದ ಬೂಟಿನವರೆಗೆ ಸುತ್ತಿ ಬಕಲ್ ಬಿಗಿಯುವ ಚರ್ಮದ ಪಟ್ಟಿ ಅದು. ಹಿಂದಿನ ಕಾಲದ ಸಿಪಾಯಿಗಳು ಹಾಕುತ್ತಿದ್ದರಂತೆ. ಈಗ ಹಾಕುವವರು ಮಗಳು ವರಲಕ್ಷ್ಮಿ ಇಂಟರ್‌ನೆಟ್ಟಿನಲ್ಲಿ ಹಿಡಿದ ಇಂಗ್ಲೆಂಡಿನ ಗಿರಾಕಿಗಳು. ರಜಾ ದಿನ ಬಯಲಲ್ಲಿ ಸೇರಿ, ಸುಳ್ಳು ಗುಂಡು ಹಾರಿಸಿ, ಹಳೆಯ ಯುದ್ಧವನ್ನು ಮತ್ತೆ ಆಡುತ್ತಾರೆ. ಹೊಟ್ಟೆ ತುಂಬಿದವರ ಆಟ ಎಂದು ಮರಿಯಪ್ಪ ಬೈದುಕೊಂಡೇ ಹೊಲಿಯುತ್ತಿದ್ದ.

ಯುದ್ಧದ ಮಾತೆತ್ತಿದರೆ ಅವನಿಗೆ ಸಿಟ್ಟು. ಮಗ ಮಹೇಶ ಸೈನ್ಯ ಸೇರಿ, ಗಡಿಯಲ್ಲಿ ಸತ್ತು, ಮುಚ್ಚಿದ ಪೆಟ್ಟಿಗೆಯಲ್ಲಿ ಮನೆಗೆ ಬಂದಿದ್ದ. ನೋಡುವ ಸ್ಥಿತಿಯಲ್ಲಿಲ್ಲ ಎಂದರು. ಮುಖ ನೋಡದ ಮೇಲೆ ಸತ್ತನೆಂದು ಮನಸ್ಸು ಒಪ್ಪುವುದಾದರೂ ಹೇಗೆ? ಬೀದಿಯಲ್ಲಿ ಬೂಟಿನ ಸದ್ದಾದರೆ ಇವತ್ತಿಗೂ ಅವನ ಕೈಯ ದಬ್ಬಳ ನಿಲ್ಲುತ್ತದೆ.

ಮೊನ್ನೆ ಗಿರಾಕಿಯಿಂದ ದೂರು ಬಂತು, ಜೊತೆಗೊಂದು ವಿಡಿಯೋ. ವರಲಕ್ಷ್ಮಿ ಫೋನು ಹಿಡಿದು ಪಕ್ಕದಲ್ಲಿ ಕೂತಳು.

“ನೋಡಪ್ಪ, ಬಕಲ್ ಎಲ್ಲಾ ಒಳಗಡೆ ಬಂದಿದೆ. ನಡೆದ್ರೆ ಒಂದಕ್ಕೊಂದು ಸಿಕ್ಕಾಕ್ಕೊಳ್ಳುತ್ತಂತೆ. ಹೆಂಗಾಯ್ತು ಇದು?”

ಮರಿಯಪ್ಪ ಚಕ್ಕಳಮಕ್ಕಳ ಹಾಕಿಯೇ ಕೆಲಸ ಮಾಡುವವನು. ಅಳತೆಗೆ ಪಟ್ಟಿಯನ್ನು ತನ್ನ ಕಾಲಿಗೇ ಸುತ್ತಿಕೊಂಡು, ಕಣ್ಣಿಗೆ ಕಂಡ ಮಗ್ಗುಲಿಗೆ ಬಕಲ್ ಕೂರಿಸಿದ್ದ. ಹಾಗೆ ಕೂತವನಿಗೆ ಮೇಲೆ ಕಾಣುವುದು ಕಾಲಿನ ಒಳಮಗ್ಗುಲು. ಎದ್ದು ನಿಂತು ನೋಡುವ ಬುದ್ಧಿ ಬರಲಿಲ್ಲ.

“ಬಿಚ್ಚಿ ಹೊಲಿದ್ರಾಯ್ತು ಬಿಡಮ್ಮ,” ಎಂದ. ಕಣ್ಣು ಮಾತ್ರ ಫೋನಿನಲ್ಲೇ ಇತ್ತು.

ತೆಳ್ಳಗಿನ ಹುಡುಗನೊಬ್ಬ ಅವನ ಗೇಟರ್ ಹಾಕಿಕೊಂಡು ಓಡುತ್ತಿದ್ದ. ಬಕಲ್ ಸಿಕ್ಕಿ ಎಡವಿದ. ಅಷ್ಟರಲ್ಲಿ ಗುಂಡಿನ ಸದ್ದು, ಕೆಸರಿಗೆ ಮುಖ ಮಾಡಿ ಬಿದ್ದ. ಆಟವೆಂದು ಗೊತ್ತಿದ್ದೂ ಮರಿಯಪ್ಪ ಫೋನನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಯಾರೋ ಸೀಟಿ ಊದಿದರು. ಬಯಲಲ್ಲಿ ಸತ್ತು ಬಿದ್ದಿದ್ದವರೆಲ್ಲ ಎದ್ದರು. ಆ ಹುಡುಗನೂ ಎದ್ದ, ಮಂಡಿಯ ಕೆಸರು ಕೊಡವಿಕೊಂಡ, ಹಲ್ಲು ಬಿಟ್ಟು ನಗುತ್ತ ಈ ಕಡೆಗೇ ನಡೆದು ಬಂದ.

ವಿಡಿಯೋ ಮುಗಿಯಿತು.

“ಇನ್ನೊಂದ್ ಸಲ ಹಾಕು.”

“ಬಕಲ್ ಕಾಣೋದು ಮೊದಲಲ್ಲಿ,” ಎಂದು ವರಲಕ್ಷ್ಮಿ ಹಿಂದಕ್ಕೆ ಎಳೆಯಹೋದಳು.

“ಅಲ್ಲಿಂದ ಬೇಡ ಕಣಮ್ಮ,” ಎಂದ ಮರಿಯಪ್ಪ. “ಅವನು ಏಳ್ತಾನಲ್ಲ, ಅಲ್ಲಿಂದ ಹಾಕು.”