ದೋನ್ಕಾಳ ಕೈ

ನಮ್ಮ ಓಣಿಯ ಮಿನ್ಚೊ ಸಸಿ ಎಬ್ಬಿಸುವ ಬಿಸಿ ಮಡಿಗೆ ತೋಳು ಇಳಿಸಿ ‘ಹದ ಬಂತು’ ಅಂದ ಮೇಲೆಯೇ ಯಾರಾದರೂ ಬೀಜ ಹಾಕುತ್ತಿದ್ದದ್ದು. ಕುದುರೆ ಲದ್ದಿಯನ್ನು ಹುಲ್ಲಿನ ಜೊತೆ ತುಳಿದು ಗುಂಡಿಗೆ ತುಂಬಿ, ಮೇಲೆ ಮಣ್ಣು ಹರಡಿ, ಗಾಜಿನ ಚೌಕಟ್ಟು ಮುಚ್ಚಿದರೆ ಮೊದಲು ಬರುವ ಶಾಖ ಕೆಟ್ಟದ್ದು. ಅದು ಇಳಿಯುವ ಮೊದಲೇ ಅವಸರಪಟ್ಟರೆ ಬೀಜ ಬೆಂದೇ ಹೋಗುತ್ತದೆ. ಹೊರಗೆ ಯಾಂತ್ರಾ ನದಿ ದಂಡೆಯಲ್ಲಿ ಹಿಮ ಇರುವಾಗ ಒಳಗೆ ಮೆಣಸು, ಟೊಮೆಟೊ, ಸೂಪಿಗೆ ಹಾಕುವ ಸೊಪ್ಪು ಎಲ್ಲ ಏಳಬೇಕು.

ಆತನ ಹೆಂಡತಿ ದೋನ್ಕಾ. ಮಾತು ಕಡಿಮೆ. ಮಡಿಗೆ ಚಾಪೆ ಹೊದಿಸುವವಳು, ತೆಗೆಯುವವಳು ಆಕೆಯೇ. ಶಾಖ ನೋಡುವ ಕೈ ಮಾತ್ರ ಗಂಡನದು.

ಒಂದು ಶರತ್ಕಾಲದಲ್ಲಿ ಮಿನ್ಚೊಗೆ ಜ್ವರ ಬಂದು, ಬೀಜಕ್ಕೆಂದು ಬಿಟ್ಟ ಕೆಂಪು ಮೆಣಸಿನಕಾಯಿ ಗಿಡದಲ್ಲೇ ಕೊಳೆಯಿತು. ಉಳಿದದ್ದು ಒಂದು ಹಿಡಿ ಬೀಜ. ಅವನ ತಾಯಿಯ ಕಾಲದಿಂದ ಬಂದ ತಳಿ, ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಜ್ವರವೇನೋ ಬಿಟ್ಟಿತು, ಹೋಗುವಾಗ ಎರಡು ಕೈಗಳ ಬಿಸಿ-ತಣ್ಣಗಿನ ಅರಿವನ್ನೂ ಒಯ್ದಿತ್ತು. ಮಿನ್ಚೊ ಯಾರಿಗೂ ಹೇಳಲಿಲ್ಲ. ಒಲೆಯ ಕೆಂಡವನ್ನು ಬರಿಗೈಯಲ್ಲಿ ತೆಗೆದು ಚುಟ್ಟಾ ಹಚ್ಚಿದ್ದನ್ನು ದೋನ್ಕಾ ನೋಡಿದ್ದಳು. ಅವಳೂ ಹೇಳಲಿಲ್ಲ.

ಚಳಿಗಾಲದ ಕೊನೆಗೆ, ಬಿತ್ತುವ ಶುಕ್ರವಾರ ನಾನು ಜರಡಿ ಕೊಡಲು ಹೋಗಿದ್ದೆ. ಮಿನ್ಚೊ ಮೊಣಕೈವರೆಗೆ ಮಣ್ಣಿಗಿಳಿಸಿ, ಕಣ್ಣು ಮುಚ್ಚಿ ಕೂತ. “ಹದ ಬಂತು ಕಣೇ. ತಾ ಬೀಜ.”

ಹೊರಬಂದ ತೋಳು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು.

ಬೇಲಿಯ ಆಚೆಯಿಂದ ಪಕ್ಕದ ಮನೆಯ ಬೋಂಚೊ ಕೂಗಿದ, “ಮಿನ್ಚೊ ಅಣ್ಣಾ, ಹಂಗೇ ನಮ್ಮ ಮಡೀಗೂ ಒಂದ್ಸಲ ಕೈ ಹಾಕಪ್ಪಾ!”

ದೋನ್ಕಾ ಬೀಜದ ಗಂಟನ್ನು ಮೇಲಂಗಿಯ ಜೇಬಿಗೆ ಸೇರಿಸಿಕೊಂಡಳು. “ನಾಳೆ ಸತ್ತವರ ಶನಿವಾರ. ಎಡೆಗೆ ಗೋಧಿ ಬೇಯಿಸ್ಬೇಕು. ಇವತ್ತು ಬಿತ್ತಿದ್ರೆ ನಿಮ್ಮಮ್ಮ ಸಿಟ್ಟಾಗ್ತಾಳೆ.”

“ಬದುಕಿದ್ದಾಗ್ಲೂ ನಿನ್ನ ಮೇಲೆ ಸಿಟ್ಟಾಗೇ ಇದ್ಲಲ್ಲ, ಹೊಸದೇನು?” ಅಂದ ಮಿನ್ಚೊ. ಆದರೂ ಎದ್ದ.

ಮರುದಿನ ಸ್ಮಶಾನದಲ್ಲಿ ಅವರ ಪಕ್ಕದ ಗೋರಿಯೇ ನಮ್ಮದು. ತಾಯಿಯ ಗೋರಿಯ ಮೇಲೆ ವೈನ್ ಸುರಿಯಲು ಮಿನ್ಚೊ ತೋಳು ಚಾಚಿದಾಗ ಅಂಗಿಯ ತೋಳು ಹಿಂದೆ ಸರಿಯಿತು. ಸುಟ್ಟ ಬೊಬ್ಬೆಗಳು. ಅವನ್ನು ನೋಡಿ ಹೆಂಡತಿಯ ಕಡೆ ತಿರುಗಿದ.

“ಯಾವಾಗಿಂದ ಗೊತ್ತು ನಿಂಗೆ?”

“ಕೆಂಡ ಎತ್ತಿದ ದಿನದಿಂದ.”

“ಮತ್ತೆ ಬಾಯಿ ಬಿಡ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ.”

ಮಿನ್ಚೊ ಬೆಂದ ಗೋಧಿಯನ್ನು ಬಾಯಿಗೆ ಹಾಕಿಕೊಂಡ, ಅಗಿಯದೆ ಹಾಗೇ ನಿಂತ.

ಸೋಮವಾರ ಆತ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು ಬೋಂಚೊನನ್ನೂ ಕರೆದ. “ನನ್ನ ಕೈ ಹೋಯ್ತಪ್ಪಾ. ಇನ್ನು ಇವಳು ನೋಡ್ತಾಳೆ.”

“ಹೆಂಗಸ್ರ ಕೈ ಕೇಳಿ ಬಿತ್ತೋದಾ ಇನ್ಮೇಲೆ?”

“ನಿಮ್ಮನೇಲಿ ರೊಟ್ಟಿ ಬೆಂದಿದ್ದು ಯಾರ ಕೈಗೆ ಗೊತ್ತಾಗುತ್ತೋ? ನಿನ್ನ ಕೈಗಾ?”

ದೋನ್ಕಾ ತೋಳೇರಿಸಿ ಮಡಿಗೆ ಕೈ ಇಳಿಸಿದಳು. ಎಷ್ಟು ಬಿಸಿಗೆ ಹದ ಅನ್ನಬೇಕೆಂದು ತಿಳಿಯದೆ ಗಂಡನ ಮುಖ ನೋಡಿದಳು. ಆಮೇಲೆ ಆ ಕೈಯನ್ನು ಹೊರತೆಗೆದು, ಮಣ್ಣು ಸಮೇತ, ಅವನ ಕೆನ್ನೆಗೆ ಇಟ್ಟಳು. ಕೆನ್ನೆಗೆ ಅರಿವು ಇತ್ತು. ಬೋಂಚೊ ಮುಖ ಆಚೆ ತಿರುಗಿಸಿಕೊಂಡ.

“ಇನ್ನೂ ಕಚ್ಚುತ್ತೆ,” ಅಂದ ಮಿನ್ಚೊ. “ನಾಳೆ ನೋಡೋಣ.”

ಮರುದಿನವೂ ಹಾಗೇ ಕೂತರು. ಕೆನ್ನೆಗೆ ಕೈ ತಾಗಿದಾಗ ಅವನ ಕಣ್ಣು ತಾನಾಗಿ ಮುಚ್ಚಿತು. “ಹದ ಬಂತು, ಬಿತ್ತು,” ಅಂದ.

ಬೀಜ ಎದ್ದಿತು. ಮಿನ್ಚೊ ತೀರಿಕೊಳ್ಳುವವರೆಗೂ ದೋನ್ಕಾ ಓಣಿಯ ಮಡಿಗಳಿಗೆಲ್ಲ ಕೈ ಇಳಿಸಿ, ಮಣ್ಣು ಒರೆಸಿಕೊಳ್ಳದೆ ಮನೆಗೆ ಓಡುತ್ತಿದ್ದಳು, ಬಿಸಿ ಆರುವ ಮೊದಲು. ಅವನು ಹೋದ ಮೇಲಿನ ಮೊದಲ ವರ್ಷ, ನಮ್ಮ ಮಡಿಯಿಂದ ಕೈ ತೆಗೆದವಳು ಮನೆಯ ಕಡೆ ಎರಡು ಹೆಜ್ಜೆ ಹಾಕಿ ನಿಂತಳು. ಆಮೇಲೆ ಆ ಕೈಯನ್ನು ತನ್ನ ಕೆನ್ನೆಗೇ ಒತ್ತಿಕೊಂಡು, “ಬಿತ್ತು,” ಅಂದಳು.