ಅತ್ಯಾ ಬಿಚ್ಚಿದ ಬ್ರೇಕು

ಕಳೆದ ವಾರ ಕಾರನ್ನು ಸರ್ವೀಸಿಗೆ ಬಿಟ್ಟು, ಗ್ಯಾರೇಜಿನವರು ಕೊಟ್ಟ ಸಪ್ಪೆ ಚಹಾ ಕುಡಿಯುತ್ತ ಕೂತಿದ್ದೆ. ಒಳಗಿನಿಂದ ಒಂದು ವಾಸನೆ ಬಂತು. ಸುಟ್ಟ ರಬ್ಬರಿನದಲ್ಲ, ಎಣ್ಣೆಯದೂ ಅಲ್ಲ; ಬ್ರೇಕಿನೊಳಗಿನ ಕರಿಪುಡಿಯದು. ನಿಮಗೆ ಅದು ಗೊತ್ತಿರಲಿಕ್ಕಿಲ್ಲ, ಗೊತ್ತಿರಬೇಕೆಂದೇನೂ ಇಲ್ಲ. ನನಗೆ ಗೊತ್ತಾದದ್ದು ಕುಮುದಾ ಅತ್ಯಾನ ಅಂಗಳದಲ್ಲಿ, ಹೈದರಾಬಾದಿನ ವಿಮಾನಗಳು ಇನ್ನೂ ಊರೊಳಗಿನ ಬೇಗಂಪೇಟೆಯಲ್ಲೇ ಇಳಿಯುತ್ತಿದ್ದ ಕಾಲದಲ್ಲಿ.

ಅತ್ಯಾ ಎಂದರೆ ನಮ್ಮಪ್ಪನ ತಂಗಿ. ಗುಲ್ಬರ್ಗದಿಂದ ನೌಕರಿಗೆಂದು ಹೈದರಾಬಾದಿಗೆ ಬಂದ ನಾನು ಅವರ ಮನೆಯಲ್ಲೇ ಇದ್ದೆ. ಅವಳ ಗಂಡ, ನಾನು ಮಾಮಾ ಅನ್ನುತ್ತಿದ್ದವರು, ಬಾಲಾನಗರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಅವರ ಪುಟ್ಟ ಬಿಳಿ ಕಾರನ್ನು ಅವರಲ್ಲದೆ ಬೇರೆ ಯಾರೂ ಮುಟ್ಟಿದ್ದಿಲ್ಲ. ಭಾನುವಾರ ಬಂದರೆ ಅದರ ಏನಾದರೊಂದು ಭಾಗ ಅಂಗಳದ ಹಳೇ ಪೇಪರಿನ ಮೇಲೆ ಬಿಚ್ಚಿಕೊಂಡಿರುತ್ತಿತ್ತು.

ಆಮೇಲೆ ಮಾಮಾಗೆ ಲಕ್ವಾ ಹೊಡೆಯಿತು. ಕಾಲು ಬಡಿಗೆಯ ಆಧಾರದಲ್ಲಿ ನಡೆಯುವಷ್ಟು ಸುಧಾರಿಸಿತು; ಬಲಗೈ ಏಳಲಿಲ್ಲ. ಕಾರು ಮುಸುಕು ಹಾಕಿಕೊಂಡು ನಿಂತಿತು. ಬೀದರಿನಲ್ಲಿದ್ದ ಅವರ ತಮ್ಮ ಅದನ್ನು ಒಯ್ಯುತ್ತೇನೆಂದು ಹೇಳಿ ಕಳಿಸಿದರು.

ಅದೇ ದಿನಗಳಲ್ಲಿ ಅತ್ಯಾ ಬೆಳಿಗ್ಗೆ ಸುಲ್ತಾನ್ ಬಜಾರಿಗೆಂದು ಹೇಳಿ ಹೋಗುವುದು, ಬರಿಗೈಯಲ್ಲಿ ತಿರುಗಿ ಬರುವುದು ಶುರುವಾಯಿತು. ಸುಲ್ತಾನ್ ಬಜಾರಿನಿಂದ ಬರಿಗೈಯಲ್ಲಿ ಬರುವ ಹೆಂಗಸನ್ನು ಕಂಡು ನನಗಾದರೂ ಸಂಶಯ ಬರಬೇಕಿತ್ತು. ಬರಲಿಲ್ಲ. ಒಂದು ದಿನ ಅವಳು ಡ್ರೈವಿಂಗ್ ಲೈಸೆನ್ಸ್ ತಂದು ಮಾಮಾನ ಚಹಾದ ಬಸಿಯ ಪಕ್ಕದಲ್ಲಿಟ್ಟಳು.

ಮಾಮಾ ಅದನ್ನು ಎಡಗೈಯಲ್ಲಿ ಎತ್ತಿ ನೋಡಿ ಇಟ್ಟರು. "ಕಾರ್ ಭಾಳ ದಿವ್ಸ ನಿಂತೈತಿ. ಹಿಂದಿನ ಬ್ರೇಕ್ ಹಿಡಕೊಂಡಿರ್ತಾವ. ಬಿಚ್ಚಿ ಸ್ವಚ್ಛ ಮಾಡು, ಆಮ್ಯಾಲೆ ಓಡಸು."

"ಮೆಕ್ಯಾನಿಕ್‌ನ ಕರಸ್ಲೇನ್ರಿ?"

"ಓಡಸಾಕಿ ನೀನೋ, ಮೆಕ್ಯಾನಿಕ್ಕೋ?"

ಅದು ಕಾರು ಓಡಿಸುವುದು ಬೇಡ ಎನ್ನುವುದರ ಮರ್ಯಾದೆಯ ರೂಪ ಎಂದು ನನಗೂ ತಿಳಿಯಿತು. ಅತ್ಯಾ ಮಾತ್ರ, "ಆತು, ಐತವಾರ ಬಿಚ್ಚತೀನಿ" ಅಂದಳು.

ಭಾನುವಾರ ಮಾಮಾ ಬೆತ್ತದ ಕುರ್ಚಿಯಲ್ಲಿ ಕೂತು ಹೇಳುತ್ತ ಹೋದರು, ಅತ್ಯಾ ಸೆರಗು ಸಿಕ್ಕಿಸಿ ಮಾಡುತ್ತ ಹೋದಳು. ಮುಂದಿನ ಗಾಲಿಗಳಿಗೆ ಇಟ್ಟಂಗಿ ಕೊಟ್ಟಳು. ಕಾರು ಎತ್ತುವ ಮೊದಲೇ ನಟ್ಟು ಸಡಿಲಿಸಿದಳು. ಜಾಕ್ ಏರಿಸಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಗಾಲಿ ಕಳಚಿದಳು. ಒಳಗೆ ಬೋರಲು ಹಾಕಿದ ಬೋಗುಣಿಯ ಹಾಗೆ ತುಕ್ಕು ಹಿಡಿದ ಡ್ರಮ್ಮು; ಅದನ್ನು ಕಳಚಿದರೇ ಬ್ರೇಕು ಸಿಗುವುದು. ನನ್ನ ಪಾಲಿನ ಕೆಲಸ ಒದ್ದೆ ಅರಿವೆ ಹಿಡಿದು ನಿಲ್ಲುವುದು; ಒಳಗಿನ ಪುಡಿಯನ್ನು ಊದಬಾರದು, ಒರೆಸಬೇಕು, ಎದೆಗೆ ಹೋದರೆ ಕೆಟ್ಟದ್ದು ಎಂದಿದ್ದರು ಮಾಮಾ. ಒರೆಸುವ ಪ್ರಸಂಗ ಮಾತ್ರ ಬರುವ ಹಾಗೆ ಕಾಣಲಿಲ್ಲ. ಸುತ್ತ ಮೆಲ್ಲಗೆ ಬಡಿದದ್ದಾಯಿತು. ಡ್ರಮ್ಮಿನ ಮೈಯಲ್ಲಿದ್ದ ಎರಡು ತೂತುಗಳಿಗೆ ಬೋಲ್ಟು ತಿರುಗಿಸಿ ನೂಕಿಸಿದ್ದಾಯಿತು. ಅದು ಅಲುಗಲಿಲ್ಲ.

ಮಾಮಾನ ದನಿ ಮೆತ್ತಗಾಯಿತು. "ಬಿಡು ಕುಮುದಾ. ತಮ್ಮಗ ಹೇಳಿಬಿಡೂಣು, ಒಯ್ಯಲಿ."

ಅತ್ಯಾ ಕುಕ್ಕರುಗಾಲಲ್ಲಿ ಕೂತಲ್ಲೇ ತಿರುಗಿ ಅವರನ್ನು ನೋಡಿದಳು. "ಬ್ಯಾರೆ ಏನರ ಉಳದೈತೇನ್ರಿ?"

ಅಷ್ಟರಲ್ಲಿ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಅದು ಹೋಗುವವರೆಗೆ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಸದ್ದು ಅಡಗಿದ ಮೇಲೆ ಮಾಮಾ ಬಡಿಗೆ ಊರಿ ಎದ್ದು, ಕಾರಿನ ಕಿಟಕಿಯವರೆಗೆ ಹೋಗಿ ಬಗ್ಗಿ ನೋಡಿದರು. ನೋಡಿ ಹಾಗೇ ನಿಂತರು. ಸುಮ್ಮನೆ ಕುರ್ಚಿಗೆ ಮರಳಿದ್ದರೆ ಕಾರು ಬೀದರಿಗೆ ಹೋಗುತ್ತಿತ್ತು.

"ಹ್ಯಾಂಡ್‌ಬ್ರೇಕ್ ಮ್ಯಾಲೈತಿ," ಅಂದರು. "ಅದ ಒಳಗಿಂದ ಡ್ರಮ್ ಹಿಡದೈತಿ. ನಾನ ಎಳದಿದ್ದೆ. ಇಳಸು ಅಂತ ಹೇಳೂದು ಮರತೆ."

ಇಷ್ಟು ವರ್ಷ ತಾವೇ ಮಾಡಿದ ಕೆಲಸ. ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ.

ಹ್ಯಾಂಡ್‌ಬ್ರೇಕ್ ಇಳಿಸಿ ಮತ್ತೆ ಬಡಿದಾಗ ಡ್ರಮ್ಮು ನರಳುತ್ತ ಹೊರಬಂತು. ಒಳಗೆ ಅರ್ಧಚಂದ್ರದಂಥ ಎರಡು ತುಂಡುಗಳು. ಅವಕ್ಕೆ ಬ್ರೇಕ್ ಶೂ ಎಂದು ಹೆಸರು. ಚಕ್ರಕ್ಕೇಕೆ ಬೂಟು ಎಂದು ನಾನು ಕೇಳಿದ್ದಕ್ಕೆ ಮಾಮಾ ಬಡಿಗೆಯಿಂದ ಒಳಗಿನ ಪುಡಿ ತೋರಿಸಿದರು. ನನ್ನ ಅರಿವೆಗೆ ಕಡೆಗೂ ಕೆಲಸ ಸಿಕ್ಕಿತು. ಅತ್ಯಾ ಎಣ್ಣೆ ತಾಗದ ಹಾಗೆ ಅವನ್ನು ಉಜ್ಜುಕಾಗದದಿಂದ ತಿಕ್ಕಿದಳು. ಊಟದ ಹೊತ್ತಿಗೆ ಇನ್ನೊಂದು ಬದಿಯೂ ಮುಗಿಯಿತು. ಪೆಡಲ್ ಒತ್ತಿ ಒತ್ತಿ ಬ್ರೇಕು ಬಿಗಿಯಾದ ಮೇಲೆ ನಾವು ಮೂವರೂ ಬೇಗಂಪೇಟೆಯವರೆಗೆ ಹೋಗಿ ಬಂದೆವು. ಪ್ರತಿ ತಿರುವಿನಲ್ಲೂ ಪಕ್ಕದ ಸೀಟಿನಲ್ಲಿದ್ದ ಮಾಮಾ ಬರಿ ನೆಲವನ್ನು ಕಾಲಿಂದ ಒತ್ತುತ್ತಿದ್ದರು.

"ಬ್ರೇಕ್ ಒತ್ತಿದಾಗ ಕಾರ್ ಒಂದ ಕಡೆ ಎಳೀಲಿಲ್ಲ," ಅಂದರು ಇಳಿಯುವಾಗ. ಅಷ್ಟೇ. ಸಂಜೆ ತಮ್ಮನಿಗೆ ತಾವೇ ಫೋನು ಮಾಡಿ ಕಾರು ಕೊಡುವುದಿಲ್ಲ ಎಂದರು. ಮುಂದೆ ಮಾಮಾ ತೀರಿಕೊಳ್ಳುವವರೆಗೂ ಅವರನ್ನು ಕೈಯ ಕಸರತ್ತಿಗೆ ಆಸ್ಪತ್ರೆಗೆ ಕರೆದೊಯ್ದದ್ದು ಅದೇ ಕಾರಿನಲ್ಲಿ, ಅತ್ಯಾನೇ.

ಗ್ಯಾರೇಜಿನಲ್ಲಿ ಕೂತಲ್ಲಿಂದಲೇ ಅತ್ಯಾಗೆ ಫೋನು ಮಾಡಿದೆ. ಮಾಮಾ ಆ ದಿನ ಸುಮ್ಮನಿರಬಹುದಿತ್ತು, ಆದರೂ ತಪ್ಪು ಒಪ್ಪಿಕೊಂಡರು, ದೊಡ್ಡ ಮನುಷ್ಯ ಎಂದೆ. ನಿಮಗೆ ಈಗಷ್ಟೇ ಹೇಳಿದೆನಲ್ಲ, ಹಾಗೆಯೇ.

"ಹೌದು, ದೊಡ್ಡವರ," ಅಂದಳು ಅತ್ಯಾ. "ಹ್ಯಾಂಡ್‌ಬ್ರೇಕ್ ಮ್ಯಾಲಿದ್ದದ್ದು ನಾ ಮೊದಲ ನೋಡಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

"ನಾ ಹೇಳಿದ್ರ ಡ್ರಮ್ ಬರ್ತಿತ್ತು. ಕಾರ್ ನನ್ನ ಕೈಗೆ ಬರ್ತಿರಲಿಲ್ಲ."

ಆಮೇಲೆ ಅವಳು ಊಟಕ್ಕೆ ಯಾವಾಗ ಬರುತ್ತೀ ಎಂದು ಕೇಳಿದಳು. ಇಷ್ಟು ವರ್ಷ ಮಾಮಾನ ಕಥೆಯೆಂದು ಹೇಳಿಕೊಂಡು ಬಂದದ್ದನ್ನು ಇನ್ನು ಯಾರದೆಂದು ಹೇಳಲಿ ಎಂದು ಯೋಚಿಸುತ್ತ, ಐತವಾರ ಬರುತ್ತೇನೆ ಎಂದೆ.